ಮೋಟಾರಿನ ಮೂಗು ಮತ್ತು ಹಳದಿ ದೀಪ

ತರುಣನೊಬ್ಬನು ತನ್ನ ಕಾರಿಗೆ ಹೊಸ ಹೊಗೆಕೊಳವೆಯನ್ನು ಹಾಕಿಸಿದನೆಂದು ಭಾವಿಸೋಣ. ಕಾರಿನೊಡನೆ ಕಾರ್ಖಾನೆಯಿಂದ ಬಂದ ಕೊಳವೆ ಸಪ್ಪೆ ಸದ್ದಿನದು. ಅಂಗಡಿಯಿಂದ ತಂದ ಹೊಸದು ಗಂಭೀರ ಧ್ವನಿಯದು, ಹೊಳಪಿನದು, ಹೊಗೆಯನ್ನು ಸಲೀಸಾಗಿ ಹೊರಕ್ಕೆ ಬಿಡತಕ್ಕದ್ದು. ಎರಡು ದಿನ ಸಂಭ್ರಮವೋ ಸಂಭ್ರಮ. ಮೂರನೆಯ ದಿನ, ಚಾಲಕನ ಕಣ್ಣೆದುರಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಪುಟ್ಟ ಹಳದಿ ದೀಪವೊಂದು ಹೊತ್ತಿಕೊಂಡಿತು. ಕಾರು ಓಡುತ್ತಲೇ ಇದೆ, ಎಳೆತದಲ್ಲಿ ಕೊರತೆಯಿಲ್ಲ, ಆದರೆ ದೀಪ ಆರದು.

ಗೆಳೆಯರು ಸೇರಿದರು. "ಸೆನ್ಸರ್ ಕೆಟ್ಟಿದೆ, ಬದಲಾಯಿಸು" ಎಂದನೊಬ್ಬ. "ಕನ್ವರ್ಟರ್ ಹೋಗಿದೆ, ಹೊಸದನ್ನು ಹಾಕಿಸು" ಎಂದ ಇನ್ನೊಬ್ಬ. "ಬ್ಯಾಟರಿಯ ತಂತಿಯನ್ನು ಹತ್ತು ನಿಮಿಷ ಬಿಚ್ಚಿಡು, ತಾನಾಗಿ ಆರುತ್ತದೆ" ಎಂದು ಮೂರನೆಯವನ ಸಲಹೆ. "ದೀಪದ ಮೇಲೆ ಕರಿಯ ಪಟ್ಟಿ ಅಂಟಿಸಿಬಿಡು ಮಾರಾಯ" ಎಂದು ನಾಲ್ಕನೆಯವನ ಹಾಸ್ಯ. ಎಲ್ಲರೂ ಉಪಾಯ ಹೇಳಿದರು. ದೀಪ ಹೇಳುತ್ತಿರುವುದೇನು ಎಂದು ಮಾತ್ರ ಯಾರೂ ಕೇಳಲಿಲ್ಲ. ನಾವು ಅದನ್ನೇ ಕೇಳೋಣ. ಅದರ ಉತ್ತರದಲ್ಲಿ ರಸಾಯನವೂ ಇದೆ, ವಿದ್ಯುತ್ತೂ ಇದೆ, ರೋಗನಿದಾನದ ತರ್ಕವೂ ಇದೆ.

ದೀಪ ಹುಟ್ಟಿದ್ದು ಏಕೆ?

ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಒಂದು ಬಗೆಯ ಕಂದು ಮಬ್ಬು ಕವಿಯತೊಡಗಿತು. ಕಾರ್ಖಾನೆಗಳನ್ನು ದೂರಿದರು, ಕಸ ಸುಡುವವರನ್ನು ದೂರಿದರು. 1950ರ ಸುಮಾರಿನಲ್ಲಿ ಆರಿ ಹಾಗೆನ್ ಸ್ಮಿಟ್ ಎಂಬ ರಸಾಯನವಿಜ್ಞಾನಿ ಅದರ ಗುಟ್ಟನ್ನು ಬಿಡಿಸಿದರು. ಮೋಟಾರುಗಳು ಉಗುಳುವ ಅರೆಬೆಂದ ಹೈಡ್ರೊಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಒಂದರೊಡನೊಂದು ವರ್ತಿಸಿ ಓಜೋನ್ ಮೊದಲಾದ ಕಟು ವಸ್ತುಗಳನ್ನು ಹುಟ್ಟಿಸುತ್ತವೆ ಎಂದು ಅವರು ತೋರಿಸಿಕೊಟ್ಟರು. ಅಂದಿನಿಂದ ಆ ರಾಜ್ಯವಾದ ಕ್ಯಾಲಿಫೋರ್ನಿಯದಲ್ಲಿ ಮೋಟಾರಿನ ಹೊಗೆಯ ಮೇಲೆ ಕಟ್ಟುಪಾಡುಗಳು ಒಂದೊಂದಾಗಿ ಬಂದವು. 1975ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಅಮೆರಿಕದಲ್ಲಿ ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಳಕೆಗೆ ಬಂದಿತು.

ಆದರೆ ಹೊಸದಾಗಿದ್ದಾಗ ಶುದ್ಧವಾಗಿದ್ದ ಕಾರು ಐದಾರು ವರ್ಷಗಳ ಅನಂತರವೂ ಶುದ್ಧವಾಗಿಯೇ ಇದೆಯೆಂದು ಹೇಳುವವರು ಯಾರು? ಕನ್ವರ್ಟರು ಸತ್ತರೂ ಕಾರು ಓಡುತ್ತದೆ. ಮಾಲೀಕನಿಗೆ ಸುಳಿವೇ ಸಿಗದು. ಆದುದರಿಂದ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಒಡೆಯನಿಗೆ ತಿಳಿಸಬೇಕೆಂಬ ನಿಯಮ ಹುಟ್ಟಿತು. ಕ್ಯಾಲಿಫೋರ್ನಿಯದಲ್ಲಿ 1988ರಲ್ಲಿ ಮೊದಲಾದ ಈ ಏರ್ಪಾಡು, ಬೆಳೆದು ಸುಧಾರಿಸಿ, 1996ರ ಮಾದರಿಯಿಂದ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಕಾರುಗಳಿಗೂ ಕಡ್ಡಾಯವಾಯಿತು. ಇದೇ "ಓಬಿಡಿ ಎರಡು" ಎಂಬ ಸ್ವಪರೀಕ್ಷಾ ವ್ಯವಸ್ಥೆ. ಹಳದಿ ದೀಪ ಅದರ ನಾಲಿಗೆ. ಎಂಜಿನ್ ಕೆಟ್ಟಿದೆಯೆಂದಷ್ಟೇ ಅಲ್ಲ, ಮುಖ್ಯವಾಗಿ ಹೊಗೆ ಕೆಟ್ಟಿದೆಯೆಂದು ಅದು ನುಡಿಯುತ್ತದೆ. ಹೊಗೆಕೊಳವೆಯನ್ನು ಮುಟ್ಟಿದೊಡನೆ ದೀಪ ಹೊತ್ತುವುದರಲ್ಲಿ ಆಶ್ಚರ್ಯವಿಲ್ಲ.

ಉರಿಯ ಲೆಕ್ಕಾಚಾರ

ಬಚ್ಚಲ ಒಲೆಯನ್ನು ಹೊತ್ತಿಸಿದವರೆಲ್ಲರಿಗೂ ಇದು ಗೊತ್ತು: ಗಾಳಿ ಕಡಮೆಯಾದರೆ ಒಲೆ ಹೊಗೆಯಾಡುತ್ತದೆ, ಊದುಗೊಳವೆಯಿಂದ ಊದಿದರೆ ಉರಿ ನಿರ್ಮಲವಾಗುತ್ತದೆ. ಎಂಜಿನ್ನಿನ ಒಳಗೂ ಇದೇ ನ್ಯಾಯ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಲೀಟರಿನಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ಗಾಳಿ ಇದಕ್ಕಿಂತ ಕಡಮೆಯಾದರೆ ಕಾರ್ಬನ್ ಮಾನಾಕ್ಸೈಡೂ ಉರಿಯದ ಹೈಡ್ರೊಕಾರ್ಬನ್ನುಗಳೂ ಉಳಿಯುತ್ತವೆ. ಪ್ರಮಾಣ ಸರಿಯಾಗಿದ್ದರೂ ಉರಿಯ ಬಿಸಿಗೆ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಆಕ್ಸೈಡುಗಳಾಗುತ್ತದೆ.

ಈ ಮೂರು ದೋಷಗಳನ್ನೂ ಕನ್ವರ್ಟರು ಒಟ್ಟಿಗೆ ಕಳೆಯುತ್ತದೆ. ಅದರೊಳಗೆ ಪಿಂಗಾಣಿಯ ಜೇನುಗೂಡೊಂದಿದೆ; ಒಂದು ಚದರ ಸೆಂಟಿಮೀಟರಿಗೆ ಅರುವತ್ತರಷ್ಟು ಸಣ್ಣ ಕಂಡಿಗಳು. ಅವುಗಳ ಗೋಡೆಯ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳುಲೇಪ. ತಾವು ಸವೆಯದೆ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ವೇಗವರ್ಧಕಗಳಿವು. ಮಾನಾಕ್ಸೈಡನ್ನೂ ಹೈಡ್ರೊಕಾರ್ಬನ್ನನ್ನೂ ಸುಡಲು ಆಮ್ಲಜನಕ ಬೇಕು. ಸಾರಜನಕದ ಆಕ್ಸೈಡುಗಳಿಂದಲಾದರೋ ಆಮ್ಲಜನಕವನ್ನು ಕಸಿದುಕೊಳ್ಳಬೇಕು. ಒಂದಕ್ಕೆ ಕೊಡಬೇಕು, ಇನ್ನೊಂದರಿಂದ ತೆಗೆಯಬೇಕು. ಎರಡೂ ಏಕಕಾಲಕ್ಕೆ ನಡೆಯಬೇಕಾದರೆ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಆ 14.7ರ ಆಸುಪಾಸಿನಲ್ಲಿಯೇ ಇರತಕ್ಕದ್ದು. ಹೀಗೆ ತಕ್ಕಡಿಯನ್ನು ಸಮನಾಗಿ ಹಿಡಿಯಲು ಎಂಜಿನ್ನಿಗೆ ಒಂದು ಮೂಗು ಬೇಕಾಯಿತು.

ಹಳೆಯ ದೀಪದಿಂದ ಹೊಸ ಮೂಗು

ಆ ಮೂಗೇ ಆಕ್ಸಿಜನ್ ಸೆನ್ಸರ್. ಅದರ ವಂಶವೃಕ್ಷ ಸ್ವಾರಸ್ಯಕರವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ವಾಲ್ಟರ್ ನರ್ನ್ಸ್ಟ್ ಎಂಬ ವಿಜ್ಞಾನಿ ಜಿರ್ಕೋನಿಯ ಎಂಬ ಪಿಂಗಾಣಿಯಂತಹ ವಸ್ತುವಿಗೆ ಬೇರೊಂದು ಆಕ್ಸೈಡನ್ನು ಬೆರೆಸಿ ಕಡ್ಡಿ ಮಾಡಿ, ಅದರಿಂದ ವಿದ್ಯುದ್ದೀಪವನ್ನು ರಚಿಸಿದರು. ತಣ್ಣಗಿರುವಾಗ ಆ ಕಡ್ಡಿ ವಿದ್ಯುತ್ತನ್ನು ಹರಿಯಗೊಡದು. ಕಾಸಿದರೆ ಅದರೊಳಗೆ ಆಮ್ಲಜನಕದ ಅಯಾನುಗಳು ಚಲಿಸತೊಡಗುತ್ತವೆ. ಟಂಗ್‌ಸ್ಟನ್ ಎಳೆಯ ಬಲ್ಬು ಬಂದ ಮೇಲೆ ನರ್ನ್ಸ್ಟ್ ದೀಪ ಮೂಲೆಗೆ ಸೇರಿತು. ಆದರೆ ಕಡ್ಡಿಯ ಗುಣ ವಿಜ್ಞಾನದ ನೆನಪಿನಲ್ಲುಳಿಯಿತು. ಮುಂದೆ 1976ರಲ್ಲಿ ಜರ್ಮನಿಯ ಬಾಷ್ ಸಂಸ್ಥೆ ಅದೇ ಜಿರ್ಕೋನಿಯದಿಂದ ತಯಾರಿಸಿದ ಸೆನ್ಸರನ್ನು ಸ್ವೀಡನ್ನಿನ ವೋಲ್ವೊ ಕಾರಿನಲ್ಲಿ ಮೊದಲಬಾರಿಗೆ ಅಳವಡಿಸಿದರು. ದೀಪವಾಗಿ ಸೋತ ವಸ್ತು ಮೂಗಾಗಿ ಗೆದ್ದಿತು!

ಇದು ಕೆಲಸಮಾಡುವ ಬಗೆ ಹೀಗೆ. ಜಿರ್ಕೋನಿಯದ ಪುಟ್ಟ ಟೋಪಿಯೊಂದರ ಹೊರಗೆ ಹೊಗೆ, ಒಳಗೆ ಶೇಕಡ 21 ಭಾಗ ಆಮ್ಲಜನಕವುಳ್ಳ ಸಾಧಾರಣ ಗಾಳಿ. ಟೋಪಿ 300 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾದಾಗ, ಎರಡು ಬದಿಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ವಿದ್ಯುದೊತ್ತಡ ಹುಟ್ಟುತ್ತದೆ. ಹೊಗೆಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಮೆಯಿದ್ದರೆ, ಅಂದರೆ ಪೆಟ್ರೋಲು ಹೆಚ್ಚಾಗಿದ್ದರೆ, ಸುಮಾರು 0.9 ವೋಲ್ಟ್, ಆಮ್ಲಜನಕ ಮಿಕ್ಕಿದ್ದರೆ ಸುಮಾರು 0.1 ವೋಲ್ಟ್. ಇದನ್ನು ನೋಡಿಕೊಂಡು ಕಾರಿನ ಗಣಕಯಂತ್ರ ಪೆಟ್ರೋಲನ್ನು ಇಷ್ಟು ಕೂಡಿಸು, ಇಷ್ಟು ಕಳೆ ಎಂದು ಸದಾ ಆಜ್ಞೆ ಕೊಡುತ್ತಿರುತ್ತದೆ. (ಈಚಿನ ಕಾರುಗಳಲ್ಲಿ ಎಂಜಿನ್ನಿನ ಬಳಿಯಿರುವ ಮೂಗು ಇನ್ನೂ ಸೂಕ್ಷ್ಮ ಬಗೆಯದು, ಹೆಚ್ಚು ಅಥವಾ ಕಡಮೆ ಎಂದಷ್ಟೇ ಅಲ್ಲ, ಎಷ್ಟು ಎಂಬುದನ್ನೂ ಅದು ಅಳೆಯಬಲ್ಲುದು. ತತ್ವ ಮಾತ್ರ ಒಂದೇ.)

ಕೆರೆ ಮತ್ತು ತೂಬು

ಕಾರಿಗೆ ಒಂದು ಮೂಗು ಸಾಲದು. ಒಂದು ಕನ್ವರ್ಟರಿನ ಮೊದಲಿದ್ದರೆ ಇನ್ನೊಂದು ಅದನ್ನು ದಾಟಿದ ಮೇಲೆ ಇರುತ್ತದೆ. ಎರಡನೆಯದು ಏಕೆ? ನಮ್ಮ ಊರ ಕೆರೆಯನ್ನು ನೆನೆದುಕೊಳ್ಳಿ. ಮೇಲಿನ ಹಳ್ಳದಲ್ಲಿ ನೀರು ಒಮ್ಮೆ ಉಕ್ಕುತ್ತದೆ, ಒಮ್ಮೆ ಇಳಿಯುತ್ತದೆ. ಕೆರೆ ಆ ಏರಿಳಿತವನ್ನೆಲ್ಲ ತನ್ನೊಳಗೆ ನುಂಗಿಕೊಳ್ಳುವುದರಿಂದ ಕೆಳಗಿನ ತೂಬಿನಲ್ಲಿ ನೀರು ಒಂದೇ ಸಮನೆ ಹರಿಯುತ್ತದೆ. ಕೆರೆಯಲ್ಲಿ ಹೂಳು ತುಂಬಿದರೆ? ಹಳ್ಳದ ಏರಿಳಿತವೆಲ್ಲ ತೂಬಿನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಕೆರೆಯೊಳಕ್ಕೆ ಇಳಿಯದೆಯೇ, ಹಳ್ಳವನ್ನೂ ತೂಬನ್ನೂ ಹೋಲಿಸಿ ನೋಡಿ ಹೂಳಿನ ವಿಷಯ ಹೇಳಬಹುದು.

ಕನ್ವರ್ಟರಿನಲ್ಲಿ ಆ ಕೆರೆಯ ಕೆಲಸವನ್ನು ಸೀರಿಯಂ ಎಂಬ ಧಾತುವಿನ ಆಕ್ಸೈಡು ಮಾಡುತ್ತದೆ. ಆಮ್ಲಜನಕ ಹೆಚ್ಚಾದಾಗ ಅದನ್ನು ಕೂಡಿಟ್ಟುಕೊಂಡು ಕೊರತೆಯಾದಾಗ ಬಿಟ್ಟುಕೊಡುತ್ತದೆ. ಮೊದಲ ಮೂಗಿನಲ್ಲಿ ವೋಲ್ಟು ಮೇಲಕ್ಕೂ ಕೆಳಕ್ಕೂ ಓಲಾಡುತ್ತಿದ್ದರೂ ಎರಡನೆಯದರಲ್ಲಿ ಅದು ಬಹುಮಟ್ಟಿಗೆ ಸ್ಥಿರವಾಗಿರಬೇಕು. ಎರಡನೆಯದೂ ಮೊದಲಿನದರಂತೆಯೇ ಓಲಾಡತೊಡಗಿತೋ, ಕೆರೆಯಲ್ಲಿ ಹೂಳು ತುಂಬಿದೆಯೆಂದು ಗಣಕ ಊಹಿಸುತ್ತದೆ. ಸಾಮಾನ್ಯವಾಗಿ ಎರಡು ಸಲದ ಸವಾರಿಯಲ್ಲಿಯೂ ಇದೇ ಕಂಡುಬಂದರೆ "ಪಿ 0420" ಎಂಬ ಸಂಕೇತವನ್ನು ಬರೆದಿಟ್ಟು ದೀಪ ಹೊತ್ತಿಸುತ್ತದೆ. "ಕನ್ವರ್ಟರಿನ ಸಾಮರ್ಥ್ಯ ಮಿತಿಗಿಂತ ಕೆಳಗಿದೆ" ಎಂದು ಅದರ ಅರ್ಥ.

ಇಲ್ಲಿ ಓದುಗರು ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ಗಣಕ ಕನ್ವರ್ಟರನ್ನು ನೋಡಿಲ್ಲ. ಹೊಗೆಯಲ್ಲಿರುವ ವಿಷವನ್ನೂ ಅಳೆದಿಲ್ಲ. ಅದು ನೋಡಿರುವುದು ಎರಡು ಮೂಗುಗಳ ಸಾಕ್ಷ್ಯವನ್ನು ಮಾತ್ರ. ಸಂಕೇತ ತೀರ್ಪಲ್ಲ, ಊಹೆ. ಸಾಕ್ಷಿಗಳು ಮೋಸಹೋಗಿದ್ದರೆ ಊಹೆಯೂ ತಪ್ಪುತ್ತದೆ. ಹೊಸ ಕೊಳವೆ ಹಾಕುವಾಗ ಸಾಕ್ಷಿಗಳನ್ನು ಮೋಸಗೊಳಿಸಲು ಹತ್ತಾರು ಅವಕಾಶಗಳುಂಟು.

ನಿದಾನದ ಕ್ರಮ

ಒಳ್ಳೆಯ ವೈದ್ಯನು ರೋಗಿ ಬಾಗಿಲಿಗೆ ಬಂದೊಡನೆ ಶಸ್ತ್ರಚಿಕಿತ್ಸೆಗೆ ಸಿದ್ಧನಾಗುವುದಿಲ್ಲ. ನಾಡಿ ಹಿಡಿಯುತ್ತಾನೆ, ಏನು ತಿಂದೆಯೆಂದು ಕೇಳುತ್ತಾನೆ. ಮೋಟಾರಿನ ವೈದ್ಯಕ್ಕೂ ಅದೇ ಕ್ರಮ: ಖರ್ಚಿಲ್ಲದ ಪರೀಕ್ಷೆ ಮೊದಲು, ಬೆಲೆಯುಳ್ಳ ಬಿಡಿಭಾಗ ಕೊನೆಗೆ.

ಮೊದಲನೆಯದಾಗಿ ಸಂಕೇತವನ್ನು ಓದಬೇಕು. ಚಾಲಕನ ಮುಂದಿನ ಫಲಕದ ಕೆಳಗೆ ಹದಿನಾರು ಕಂಡಿಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರನ್ನು ಸಿಕ್ಕಿಸಿದರೆ ಸಂಕೇತವೂ, ತಪ್ಪು ಕಂಡ ಕ್ಷಣದಲ್ಲಿ ಎಂಜಿನ್ನಿನ ವೇಗ, ಬಿಸಿ ಮುಂತಾದವು ಎಷ್ಟಿದ್ದುವೆಂಬ ದಾಖಲೆಯೂ ದೊರೆಯುತ್ತವೆ. ಇವನ್ನು ಬರೆದಿಟ್ಟುಕೊಂಡ ಮೇಲೆಯೇ ಮುಂದಿನ ಕೆಲಸ. ಬ್ಯಾಟರಿಯ ತಂತಿಯನ್ನು ಬಿಚ್ಚಿದರೆ ಅಥವಾ ಸಂಕೇತವನ್ನು ಅಳಿಸಿದರೆ ದೀಪವೇನೋ ಆರೀತು. ಆದರೆ ಸಾಕ್ಷ್ಯವೂ ಅದರೊಡನೆ ಅಳಿದುಹೋಗುತ್ತದೆ. ತಪ್ಪು ಉಳಿದಿದ್ದರೆ ಕೆಲವು ದಿನಗಳಲ್ಲಿ ದೀಪ ಮತ್ತೆ ಹೊತ್ತುತ್ತದೆ. ಸಂಕೇತಗಳಲ್ಲಿ ಭೇದವುಂಟು. ಪಿ 0135 ಮತ್ತು ಪಿ 0141 ಮೂಗುಗಳನ್ನು ಕಾಯಿಸುವ ವಿದ್ಯುತ್ ಮಂಡಲದ ದೋಷವನ್ನು ಹೇಳುತ್ತವೆ: ಪ್ರಾಯಶಃ ತಂತಿ ಸಿಕ್ಕಿಸಿಲ್ಲ, ಇಲ್ಲವೆ ಬಿಸಿ ಕೊಳವೆಗೆ ತಗುಲಿ ಸುಟ್ಟಿದೆ. ಪಿ 0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲು ಕಡಮೆ ಎಂದು ಕಾಣುತ್ತಿದೆಯೆಂದರ್ಥ. ಪಿ 0300 ಸಿಲಿಂಡರುಗಳಲ್ಲಿ ಕಿಡಿ ತಪ್ಪುತ್ತಿರುವುದರ ಸೂಚನೆ.

ಎರಡನೆಯದಾಗಿ, ಯಾವ ಭಾಗವನ್ನು ಬದಲಾಯಿಸಿದ್ದಾಯಿತು ಎಂದು ಕೇಳಬೇಕು. ಎರಡು ಮೂಗುಗಳನ್ನೂ ದಾಟಿದ ಮೇಲಿನ ಬಾಲದ ಕೊಳವೆ ಮತ್ತು ಸೈಲೆನ್ಸರನ್ನು ಮಾತ್ರ ಬದಲಿಸಿದ್ದರೆ ಅದರಿಂದಲೇ ದೀಪ ಹೊತ್ತುವುದು ವಿರಳ. ಕೀಲಿನ ಸೋರಿಕೆಯನ್ನೋ ಎಳೆದುಹೋದ ತಂತಿಯನ್ನೋ ಹುಡುಕಬೇಕು. ಎಂಜಿನ್ನಿಗೆ ಹತ್ತಿಕೊಂಡಿರುವ ಕವಲುಕೊಳವೆಗಳನ್ನು ಬದಲಿಸಿದ್ದರೆ ಮೂಗು ಮೊದಲಿದ್ದ ಸ್ಥಳಕ್ಕಿಂತ ದೂರ ಸರಿದಿರಬಹುದು. ಅಲ್ಲಿ ಹೊಗೆ ತಣ್ಣಗಾಗಿರುತ್ತದೆ, ಸುದ್ದಿ ತಡವಾಗಿ ಮುಟ್ಟುತ್ತದೆ. ಕನ್ವರ್ಟರನ್ನೇ ಬದಲಿಸಿದ್ದರೆ ವಿಚಾರ ಬೇರೆ. ಅದಕ್ಕೆ ಕೊನೆಯಲ್ಲಿ ಬರೋಣ.

ಮೂರನೆಯದಾಗಿ ಸೋರಿಕೆ. ಇದೇ ಎಲ್ಲಕ್ಕಿಂತ ಸ್ವಾರಸ್ಯವಾದುದು. ಕೊಳವೆಯಲ್ಲಿ ಬಿರುಕಿದ್ದರೆ ಹೊಗೆ ಹೊರಕ್ಕೆ ಹೋದೀತೇ ಹೊರತು ಗಾಳಿ ಒಳಕ್ಕೆ ಬರುವುದೆಂತು ಎಂದು ನೀವು ಕೇಳಬಹುದು. ಹೊಗೆ ನದಿಯಂತೆ ಹರಿಯುವುದಿಲ್ಲ. ಹೃದಯದಿಂದ ಹೊರಡುವ ರಕ್ತದಂತೆ ಮಿಡಿಮಿಡಿದು ಹರಿಯುತ್ತದೆ. ಒಂದೊಂದು ಮಿಡಿತದ ಹಿಂದೆಯೂ ಒತ್ತಡ ಕ್ಷಣಕಾಲ ಹೊರಗಿನ ಗಾಳಿಗಿಂತ ಕೆಳಕ್ಕಿಳಿಯುತ್ತದೆ. ಆ ಕ್ಷಣದಲ್ಲಿ ಸರಿಯಾಗಿ ಕೂರದ ಗ್ಯಾಸ್ಕೆಟ್ಟಿನ ಸಂದಿನಿಂದ ಹೊರಗಿನ ಗಾಳಿ ನುಸುಳುತ್ತದೆ. ಹತ್ತಿರದ ಮೂಗಿಗೆ ಆಮ್ಲಜನಕದ ವಾಸನೆ ಬಡಿಯುತ್ತದೆ. "ಪೆಟ್ರೋಲು ಸಾಲದು" ಎಂದು ಗಣಕ ತಿಳಿದು ಇನ್ನಷ್ಟು ಸುರಿಯುತ್ತದೆ. ನಿಜದಲ್ಲಿ ಎಂಜಿನ್ನಿಗೆ ಕೊರತೆಯೇ ಇರಲಿಲ್ಲ! ಹೀಗೆ ಒಂದು ಸಡಿಲ ಬೋಲ್ಟು ಪೆಟ್ರೋಲಿನ ಖರ್ಚನ್ನು ಹೆಚ್ಚಿಸಿ, ಹೊಗೆಯನ್ನು ಕೆಡಿಸಿ, ಒಳ್ಳೆಯ ಕನ್ವರ್ಟರಿಗೆ ಕೆಟ್ಟ ಹೆಸರು ತರುತ್ತದೆ.

ಸೋರಿಕೆಯನ್ನು ಹಿಡಿಯುವುದು ಕಷ್ಟವಲ್ಲ. ಮುಂಜಾನೆ ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿ ಕಿವಿಗೊಟ್ಟರೆ "ಟಿಕ್ ಟಿಕ್" ಎಂಬ ಸದ್ದು ಕೇಳಿಬರುತ್ತದೆ. ಲೋಹ ಕಾದು ಹಿಗ್ಗಿದ ಮೇಲೆ ಸಂದು ಮುಚ್ಚಿ ಸದ್ದು ಅಡಗುವುದುಂಟು. ಕೊಳವೆ ಬಿಸಿಯಾಗುವ ಮೊದಲೇ ಕೀಲುಗಳ ಮೇಲೆ ಸಾಬೂನಿನ ನೀರನ್ನು ಚಿಮುಕಿಸಿದರೆ ಗುಳ್ಳೆಗಳೇಳುವ ತಾಣವೇ ಸೋರುವ ತಾಣ. ಕೀಲಿನ ಸುತ್ತ ಕರಿಯ ಮಸಿಯ ಗೆರೆ ಕಂಡರೂ ಅದೇ ಸುಳಿವು. ಕಾರಿನ ಕೆಳಗೆ ನುಗ್ಗುವ ಮುನ್ನ ಅದು ಭದ್ರವಾದ ಆಧಾರದ ಮೇಲಿರಬೇಕು, ಜಾಕಿನ ಮೇಲಷ್ಟೇ ಅಲ್ಲ. ಸ್ಥಳವೂ ಬಯಲಾಗಿರಬೇಕು.

ನಾಲ್ಕನೆಯದಾಗಿ ತಂತಿಗಳು. "ವಿ" ಆಕಾರದ ಎಂಜಿನ್ನುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಮೂಗು ಇರುತ್ತವೆ. ಮೇಸ್ತ್ರಿ ಅವಸರದಲ್ಲಿ ಎಡದ ತಂತಿಯನ್ನು ಬಲಕ್ಕೆ ಸಿಕ್ಕಿಸಿದನೆನ್ನಿ. ಎಡದಲ್ಲಿ ಪೆಟ್ರೋಲು ಸ್ವಲ್ಪ ಕಡಮೆಯಾದರೆ ಗಣಕ ಬಲಕ್ಕೆ ಸುರಿಯುತ್ತದೆ. ಬಲದಲ್ಲಿ ಹೆಚ್ಚಾಯಿತೆಂದು ಎಡಕ್ಕೆ ಕಡಿತಮಾಡುತ್ತದೆ. ತಿದ್ದಿದಷ್ಟೂ ತಪ್ಪು ಬೆಳೆಯುತ್ತದೆ. ಸ್ಕ್ಯಾನರಿನಲ್ಲಿ ಒಂದು ಬದಿಯ ಪೆಟ್ರೋಲಿನ ತಿದ್ದುಪಡಿ ಬಹಳ ಮೇಲಕ್ಕೂ ಇನ್ನೊಂದರದು ಬಹಳ ಕೆಳಕ್ಕೂ ಓಡಿದ್ದರೆ ಈ ಅದಲುಬದಲನ್ನೇ ಮೊದಲು ಶಂಕಿಸಬೇಕು.

ಐದನೆಯದಾಗಿ ಮೂಗುಗಳ ಆರೋಗ್ಯ. ಕಳಚುವಾಗ ಕೆಳಕ್ಕೆ ಬಿದ್ದರೆ ಒಳಗಿನ ಪಿಂಗಾಣಿ ಬಿರಿಯುತ್ತದೆ. ಕೀಲುಗಳಿಗೆ ಹಚ್ಚಿದ ಕೆಲವು ಸಿಲಿಕೋನ್ ಅಂಟುಗಳ ಆವಿ ಅದರ ಮೇಲೆ ಗಾಜಿನಂತೆ ಹರಡಿ ಘ್ರಾಣಶಕ್ತಿಯನ್ನೇ ಕೆಡಿಸುತ್ತದೆ. ಚೆನ್ನಾಗಿ ಕಾದ ಎಂಜಿನ್ನನ್ನು ನಿಮಿಷಕ್ಕೆ 2,500 ಸುತ್ತಿನಲ್ಲಿ ಹಿಡಿದು ಎರಡು ಮೂಗುಗಳ ರೇಖೆಗಳನ್ನು ಸ್ಕ್ಯಾನರಿನಲ್ಲಿ ಹೋಲಿಸಬಹುದು.

ಸೋರಿಕೆಯಿಲ್ಲ, ತಂತಿ ಸರಿ, ಮೂಗು ಸರಿ, ಆದರೂ ಎರಡನೆಯ ರೇಖೆ ಮೊದಲಿನದರಂತೆ ಕುಣಿಯುತ್ತಿದೆ. ಆಗ ಮಾತ್ರ ದೋಷ ಕನ್ವರ್ಟರಿನದೆಂದು ನಿರ್ಣಯಿಸಬಹುದು. ಅಗ್ಗದ ಕನ್ವರ್ಟರುಗಳಲ್ಲಿ ಬೆಲೆಬಾಳುವ ಲೋಹವೂ ಸೀರಿಯವೂ ಕಡಮೆ ಇರುವುದರಿಂದ, ಹೊಸದಾಗಿದ್ದರೂ ಅವು ಕಾರ್ಖಾನೆಯ ಗಣಕ ಬಯಸುವಷ್ಟು ಆಮ್ಲಜನಕವನ್ನು ಹಿಡಿದಿಡಲಾರವು. ಹೊಗೆ ಸಲೀಸಾಗಿ ಹೋಗಲೆಂದು ಕನ್ವರ್ಟರನ್ನೇ ಕಿತ್ತುಹಾಕಿದ್ದರಂತೂ ದೀಪದ ಮಾತು ಅಕ್ಷರಶಃ ಸತ್ಯ.

ಇನ್ನೊಂದು ಎಚ್ಚರಿಕೆ: ದೀಪ ಸ್ಥಿರವಾಗಿ ಉರಿದರೆ ಮನೆಗೆ ಮುಟ್ಟಿ ವಿಚಾರಿಸಬಹುದು, ಮಿನುಗತೊಡಗಿದರೆ ತಡಮಾಡಬಾರದು. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆಯೆಂದು ಅದರ ಅರ್ಥ. ಆ ಬಿಸಿಗೆ ಪಿಂಗಾಣಿಯ ಜೇನುಗೂಡೇ ಕರಗಿ ಮುಚ್ಚಿಹೋಗುವುದುಂಟು.

ಸಾಕ್ಷಿಯ ಬಾಯಿ ಮುಚ್ಚಿಸುವವರು

ಎರಡನೆಯ ಮೂಗನ್ನು ಹೊಗೆಯಿಂದ ಸ್ವಲ್ಪ ಹೊರಕ್ಕೆ ಎಳೆದು ಕೂರಿಸುವ ಪುಟ್ಟ ಲೋಹದ ತುಂಡುಗಳು ಅಂಗಡಿಗಳಲ್ಲಿ ಸಿಗುತ್ತವೆ. ಹೊಗೆಯ ಏರಿಳಿತ ಮೂಗಿಗೆ ಸರಿಯಾಗಿ ಮುಟ್ಟದೆ ದೀಪ ಆರುತ್ತದೆ. ಹೂಳು ತುಂಬಿದ ಕೆರೆಯ ತೂಬಿನ ಮುಂದೆ ತಡಿಕೆ ಕಟ್ಟಿ "ನೀರು ಸಮನಾಗಿದೆ" ಎಂದಂತೆ! ದೀಪ ಆರಿತು; ಗಾಳಿಗೆ ಸೇರುವ ವಿಷ ಒಂದು ಕಣವೂ ಕಡಮೆಯಾಗಲಿಲ್ಲ.

ಇದು ಪರದೇಶದ ಮಾತು ಮಾತ್ರವಲ್ಲ. ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲು ಕಾರುಗಳಿಗೆ ಕನ್ವರ್ಟರು 1995ರಲ್ಲಿ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ಆರರ ನಿಯಮಗಳಿಂದಾಗಿ ಮೋಟಾರ್ ಬೈಕುಗಳಿಗೂ ಸ್ವಪರೀಕ್ಷೆಯ ವ್ಯವಸ್ಥೆ ಬಂದಿದೆ. ಕಾಲೇಜಿನ ಮುಂದೆ ನಿಂತಿರುವ ಬೈಕಿನಲ್ಲಿಯೂ ಇಂದು ಅದೇ ಮೂಗು, ಅದೇ ಹಳದಿ ದೀಪ. ತಯಾರಕನು ನಿಗದಿಪಡಿಸಿದ ರಚನೆಯನ್ನು ಮನಬಂದಂತೆ ಮಾರ್ಪಡಿಸುವುದನ್ನು ನಮ್ಮ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ತಡೆಯುತ್ತದೆ. ಮಾರ್ಪಡಿಸಿದ ಸೈಲೆನ್ಸರುಗಳನ್ನು ವಶಪಡಿಸಿಕೊಂಡು ಅವುಗಳ ಮೇಲೆ ರೋಡ್ ರೋಲರ್ ಹರಿಸಿದ ಪ್ರಸಂಗಗಳು ಕರ್ನಾಟಕದಲ್ಲಿಯೂ ನಡೆದಿವೆ.

ಕಾನೂನು ಹಾಗಿರಲಿ, ದೇಹದ ಮಾತೂ ಉಂಟು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಿಗಿಯಿಂದ ಅದನ್ನು ಹಿಡಿದುಕೊಳ್ಳುತ್ತದೆ. ಕಾರಿನ ತಳದಲ್ಲಿ ಸೋರುವ ಕೊಳವೆ ಆ ಅನಿಲವನ್ನು ಮೊದಲು ಉಣಿಸುವುದು ಕಾರಿನೊಳಗೆ ಕುಳಿತವರಿಗೇ. ನಮ್ಮ ಮೂಗು ಅದನ್ನು ಕಂಡುಹಿಡಿಯಲಾರದು. ಆದರೆ ಮೋಟಾರಿನ ಮೂಗು ಅದೇ ಕೀಲಿನಿಂದ ಒಳಕ್ಕೆ ನುಸುಳಿದ ಗಾಳಿಯನ್ನು ಮೂಸಿ ದೀಪ ಹೊತ್ತಿಸಿರಬಹುದು.

ಇನ್ನು ನಮ್ಮ ತರುಣನ ಕಥೆ. ಅವನು ಬಿಡಿಭಾಗ ಕೊಳ್ಳಲು ಓಡದೆ ಸಂಕೇತವನ್ನು ಓದಿಸಿದ, ಮುಂಜಾನೆ ಕಿವಿಗೊಟ್ಟ, ಸಾಬೂನಿನ ನೀರು ಚಿಮುಕಿಸಿದನೆನ್ನೋಣ. ಹೊಸ ಕೊಳವೆಯ ಕೀಲಿನಲ್ಲಿ ಹಳೆಯ ಗ್ಯಾಸ್ಕೆಟ್ಟನ್ನೇ ಮರಳಿ ಹಾಕಿದ್ದುದು ಕಂಡುಬಂದಿತು. ಹೊಸ ಗ್ಯಾಸ್ಕೆಟ್ಟು ಬಿಗಿದ ಮೇಲೆ, ಸಾಮಾನ್ಯವಾಗಿ ತಪ್ಪಿಲ್ಲದ ಮೂರು ಸವಾರಿಗಳಾದೊಡನೆ, ಯಾರೂ ಅಳಿಸದೆ ದೀಪ ತಾನಾಗಿಯೇ ಆರುತ್ತದೆ. ಕರಿಯ ಪಟ್ಟಿ ಅಂಟಿಸಿ ಆರಿಸಿದ ದೀಪಕ್ಕೂ ಹೀಗೆ ಆರಿದ ದೀಪಕ್ಕೂ ಹೊರನೋಟಕ್ಕೆ ಭೇದವಿಲ್ಲ; ಆ ಭೇದವನ್ನು ಬಲ್ಲವು ಗಾಳಿ ಮತ್ತು ಅದನ್ನು ಉಸಿರಾಡುವ ಶ್ವಾಸಕೋಶಗಳು.